ಕ್ಲೈಂಟ್ "ಯುದ್ಧ ತಣ್ಣಗಾಗಲಿ, ಆಮೇಲೆ ನೋಡೋಣ" ಅಂದರೆ ಅದು ನೆಪವೇ?

ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ಪುಣೆಯ ಬಾಣೇರ್‌ನಲ್ಲಿ 22 ಜನರ ಸಾಫ್ಟ್‌ವೇರ್ ಕಂಪನಿ ನಡೆಸುತ್ತೀರಿ. ಕಾರಿನ ಬಿಡಿಭಾಗ ಮಾಡುವ ಜರ್ಮನ್ ಕಂಪನಿಯೊಂದು ಆರು ವರ್ಷದಿಂದ ನಿಮ್ಮ ಕ್ಲೈಂಟ್. ಎರಡನೇ ಹಂತದ ಕೆಲಸವನ್ನೂ ನಿಮಗೇ ಕೊಡುತ್ತೇವೆ ಎಂದು ಬಾಯಿಮಾತಿನಲ್ಲಿ ಒಪ್ಪಿದ್ದರು. ಈಗ "ಯುದ್ಧ, ಸುಂಕದ ಗಲಾಟೆ ಎಲ್ಲ ಸ್ವಲ್ಪ ತಣ್ಣಗಾಗಲಿ, ಆಮೇಲೆ ನೋಡೋಣ" ಎಂದು ಬರೆದಿದ್ದಾರೆ. ಇದು ನಿಜವಾದ ಕಾರಣವೋ, ನಮ್ಮನ್ನು ಬಿಡೋದಕ್ಕೆ ನೆಪವೋ ಎಂದು ಕೇಳಿದ್ದೀರಿ.

ನಾನು ಧಾರವಾಡದವಳು. ಪುಣೆಯದೇ ಹಿಂಜವಡಿಯ ಒಂದು ದೊಡ್ಡ ಐಟಿ ಕಂಪನಿಯಲ್ಲಿ ಹೊಸ ಕಾಂಟ್ರ್ಯಾಕ್ಟ್‌ಗಳಿಗೆ ದರ ಲೆಕ್ಕ ಹಾಕುವ ತಂಡದಲ್ಲಿದ್ದೇನೆ. ಕೆಲಸ ಕೊಡುವ ಮೊದಲು ಕ್ಲೈಂಟ್‌ಗಳು ಏನೇನಕ್ಕೆ ಹೆದರುತ್ತಾರೆ ಎಂದು ಕೇಳಿಸಿಕೊಳ್ಳುವುದೇ ನನ್ನ ದಿನದ ಅರ್ಧ ಕೆಲಸ. ಅದರ ಆಧಾರದ ಮೇಲೆ ಹೇಳುತ್ತೇನೆ: ಅವರು ಬರೆದದ್ದು ಬಹುಶಃ ನಿಜ. ಆದರೆ ಅದರಲ್ಲಿ ಎರಡು ಬೇರೆ ಬೇರೆ ಭಯ ಬೆರೆತಿವೆ. ಹಣದ ಭಯ ಬಂದರೆ ಕಂಪನಿಗಳು ಕೆಲಸವನ್ನು ಕೆಲವೇ ಕೈಗಳಲ್ಲಿ ಒಟ್ಟುಗೂಡಿಸುತ್ತವೆ. ಯುದ್ಧದ ಭಯ ಬಂದರೆ ಅದೇ ಕೆಲಸವನ್ನು ನಾಲ್ಕು ಕಡೆ ಹಂಚುತ್ತವೆ. ನಿಮ್ಮಂಥ ಚಿಕ್ಕ ಕಂಪನಿಗೆ ಮೊದಲನೆಯದು ಅಪಾಯ, ಎರಡನೆಯದು ಅವಕಾಶ. ನಿಮ್ಮ ಕ್ಲೈಂಟ್‌ಗೆ ಹಿಡಿದಿರುವುದು ಯಾವುದು ಅಂತ ಮೊದಲು ಪತ್ತೆ ಮಾಡಬೇಕು.

ಯುದ್ಧದ ಭಯ ಹೇಗಿರುತ್ತದೆ ಅಂತ ನಾನು ಹತ್ತಿರದಿಂದ ನೋಡಿದ್ದು 2022ರಲ್ಲಿ. ಫೆಬ್ರವರಿ 24ಕ್ಕೆ ರಷ್ಯಾ ಉಕ್ರೇನಿನ ಮೇಲೆ ನುಗ್ಗಿತು. ಎಪಾಮ್ ಎಂಬ ಅಮೆರಿಕದ ಸಾಫ್ಟ್‌ವೇರ್ ಕಂಪನಿಗೆ ಉಕ್ರೇನಿನಲ್ಲೇ ಸುಮಾರು 14,000 ಜನ ಇದ್ದರು. ರಷ್ಯಾ, ಬೆಲಾರುಸ್‌ನಲ್ಲೂ ಸಾವಿರಾರು ಜನ. ನಾಲ್ಕು ದಿನ ಕಳೆದ ಮೇಲೆ ಅವರು ಆ ವರ್ಷದ ಆದಾಯದ ಅಂದಾಜನ್ನೇ ಹಿಂತೆಗೆದುಕೊಂಡರು. ಒಂದೇ ದಿನದಲ್ಲಿ ಷೇರು ಶೇ 40ಕ್ಕಿಂತ ಜಾಸ್ತಿ ಬಿತ್ತು. ಅಲ್ಲಿಯವರೆಗೆ ದರ, ಗುಣಮಟ್ಟ ಅಂತ ಮಾತಾಡುತ್ತಿದ್ದ ಕ್ಲೈಂಟ್‌ಗಳೆಲ್ಲ ಆ ವಾರ ಕೇಳಿದ್ದು ಒಂದೇ ಪ್ರಶ್ನೆ: ನಿಮ್ಮ ಜನ ಎಲ್ಲಿ ಕೂತಿದ್ದಾರೆ?

ನಮ್ಮ ಒಬ್ಬ ಕ್ಲೈಂಟ್‌ನ ತಂಡ ಉಕ್ರೇನಿನ ಖಾರ್ಕಿವ್‌ನಲ್ಲಿತ್ತು. ಆ ಕೆಲಸವನ್ನು ತುರ್ತಾಗಿ ನಾವು ವಹಿಸಿಕೊಳ್ಳಬೇಕಾಯಿತು. ಅಲ್ಲಿನ ಎಂಜಿನಿಯರ್ ಒಬ್ಬರು ಲ್ವಿವ್ ಕಡೆಗೆ ಹೋಗುವ ಬಸ್ಸಿನಲ್ಲಿ ಕೂತು, ಫೋನಿನಲ್ಲೇ ನಮ್ಮ ಹುಡುಗರಿಗೆ ಕೋಡ್ ವಿವರಿಸಿದರು. ಮಧ್ಯೆ ಮಗು ಅಳುವ ಸದ್ದು. "ಒಂದು ನಿಮಿಷ" ಅನ್ನುತ್ತಿದ್ದರು, ಮತ್ತೆ ಬಂದು ಬಿಟ್ಟಲ್ಲಿಂದಲೇ ಶುರು ಮಾಡುತ್ತಿದ್ದರು. ಅವತ್ತು ಮನೆಗೆ ಬಂದು ನನಗೆ ಊಟ ಸೇರಲಿಲ್ಲ. ನಮಗೆ ಬಂದ ಆರ್ಡರ್ ಅವರ ಮನೆ ಕಳೆದುಹೋದದ್ದರಿಂದ ಬಂದದ್ದು. ಇಂಥ ಮಾತು ದರದ ಹಾಳೆಯಲ್ಲಿ ಕಾಣುವುದಿಲ್ಲ, ಆದರೆ ಮರೆಯಬಾರದು.

ಆ ಕ್ಲೈಂಟ್ ಎಲ್ಲ ಕೆಲಸವನ್ನೂ ಪುಣೆಗೆ ಕೊಡಲಿಲ್ಲ. ಅರ್ಧ ಇಲ್ಲಿಗೆ, ಅರ್ಧ ಪೋಲೆಂಡಿನ ವ್ರೊಟ್ಸ್ವಾಫ್‌ಗೆ. ಪೋಲೆಂಡಿನಲ್ಲಿ ಖರ್ಚು ಜಾಸ್ತಿ ಅಂತ ಅವರಿಗೆ ಗೊತ್ತಿತ್ತು, ಆದರೂ ಕೊಟ್ಟರು. ನಮ್ಮ ಅಜ್ಜ ಜೋಳವನ್ನು ಎರಡು ಹಗೇವಿನಲ್ಲಿ, ಅಂದರೆ ಕಾಳು ತುಂಬಿಡುವ ನೆಲದೊಳಗಿನ ಗುಂಡಿಯಲ್ಲಿ, ತುಂಬಿಸುತ್ತಿದ್ದರು. ಒಂದಕ್ಕೆ ನೀರು ಇಳಿದರೂ ಇನ್ನೊಂದರಲ್ಲಿ ವರ್ಷದ ಊಟ ಇರಲಿ ಅಂತ. ಎರಡನೇ ಹಗೇವು ತೋಡುವ ಕೂಲಿ ದಂಡ ಅಂತ ಅವರಿಗೆ ಯಾವತ್ತೂ ಅನ್ನಿಸಲಿಲ್ಲ. ಯುದ್ಧದ ಭಯ ಇರುವ ಕ್ಲೈಂಟ್ ಯೋಚಿಸುವುದೂ ಹೀಗೆಯೇ.

ಇನ್ನೊಂದು ಸಂಗತಿ ಬಹಳ ಜನಕ್ಕೆ ಆಶ್ಚರ್ಯ ತರುತ್ತದೆ. ಯುದ್ಧದ ಮೊದಲ ವರ್ಷ ಉಕ್ರೇನಿನ ಐಟಿ ರಫ್ತು ಬೀಳಲಿಲ್ಲ, ಏರಿತು. 2021ರಲ್ಲಿ ಸುಮಾರು 690 ಕೋಟಿ ಡಾಲರ್ ಇದ್ದದ್ದು 2022ರಲ್ಲಿ 730 ಕೋಟಿಗೆ ಹೋಯಿತು. ಕುಸಿದದ್ದು 2023ರಲ್ಲಿ, ಸುಮಾರು 670 ಕೋಟಿಗೆ. ನನಗೆ ಇದರಿಂದ ತಿಳಿದದ್ದು ಇಷ್ಟು: ನಮ್ಮ ಆ ಕ್ಲೈಂಟ್‌ನಂಥವರು ಇದ್ದರೂ, ನಡೆಯುತ್ತಿರುವ ಕೆಲಸವನ್ನು ಹೆಚ್ಚಿನವರು ಸುಮ್ನೆ ಕಿತ್ತುಕೊಂಡು ಹೋಗುವುದಿಲ್ಲ. ಬಾಂಬ್ ಬೀಳುತ್ತಿದ್ದರೂ ಹೆಚ್ಚಿನ ಕಡೆ ಹಳೆಯ ತಂಡವೇ ಮುಂದುವರಿಯಿತು. ಹೊಸ ಕೆಲಸ ಮಾತ್ರ ಅತ್ತ ಹೆಚ್ಚು ಹೋಗಲಿಲ್ಲ. ನಿಮ್ಮ ಮೊದಲ ಹಂತದ ಕೆಲಸ ಉಳಿಯುತ್ತದೆ, ಎರಡನೇ ಹಂತ ತೂಗಾಡುತ್ತದೆ ಎಂದು ನಾನು ಅಂದುಕೊಳ್ಳಲು ಇದೇ ಕಾರಣ.

ಈಗ ಹಣದ ಭಯ. ನಿಮಗೆ ನಿಜವಾಗಿ ಆತಂಕ ಆಗಬೇಕಾದದ್ದು ಇದು.

ನಾನು 2008ರ ಜುಲೈನಲ್ಲಿ ಕೆಲಸಕ್ಕೆ ಸೇರಿದೆ. ಸೆಪ್ಟೆಂಬರ್ 15ಕ್ಕೆ ಅಮೆರಿಕದ ದೊಡ್ಡ ಬ್ಯಾಂಕು ಲೀಮನ್ ಬ್ರದರ್ಸ್ ಮುಳುಗಿತು. ಏಳು ತಿಂಗಳು ಬೆಂಚಿನಲ್ಲಿ ಕೂತೆ, ಅಂದರೆ ಸಂಬಳ ಇತ್ತು, ಯಾವ ಕ್ಲೈಂಟ್‌ನ ಕೆಲಸವೂ ಇರಲಿಲ್ಲ. ದುಡ್ಡು ಬಿಗಿಯಾದರೆ ಅಗ್ಗದ ಭಾರತಕ್ಕೆ ಕೆಲಸ ಜಾಸ್ತಿ ಬರಬೇಕಲ್ವಾ ಅಂತ ಆಗ ನಾವೆಲ್ಲ ಮಾತಾಡಿಕೊಳ್ಳುತ್ತಿದ್ದೆವು. ಬರುತ್ತದೆ, ಆದರೆ ತಡವಾಗಿ. ಮೊದಲು ನಿಲ್ಲುವುದು ಸಹಿ. ಯೋಜನೆ ರದ್ದಾಗುವುದಿಲ್ಲ, ಕಾಗದ ಮಾತ್ರ ಒಬ್ಬರ ಮೇಜಿನಿಂದ ಇನ್ನೊಬ್ಬರ ಮೇಜಿಗೆ ಓಡಾಡುತ್ತಿರುತ್ತದೆ. 2022ರ ಮಾರ್ಚ್‌ನಲ್ಲಿ ಸೊನ್ನೆಯ ಹತ್ತಿರ ಇದ್ದ ಬಡ್ಡಿಯನ್ನು ಅಮೆರಿಕದ ಕೇಂದ್ರ ಬ್ಯಾಂಕು 2023ರ ಜುಲೈ ಹೊತ್ತಿಗೆ ಶೇ 5.25–5.50ಕ್ಕೆ ಏರಿಸಿದಾಗಲೂ ಇದನ್ನೇ ನೋಡಿದೆವು. 2023–24ರಲ್ಲಿ ಇನ್ಫೋಸಿಸ್‌ನಲ್ಲಿ 25,994 ಜನ, ಟಿಸಿಎಸ್‌ನಲ್ಲಿ 13,249 ಜನ ಕಡಿಮೆಯಾದರು. ಹೊಸ ಕೆಲಸ ಬರದಿದ್ದಾಗ ಬಿಟ್ಟುಹೋದವರ ಜಾಗ ತುಂಬುವುದು ನಿಲ್ಲುತ್ತದೆ.

ಆ ಹೊತ್ತಿನಲ್ಲೇ ಒಬ್ಬ ಕ್ಲೈಂಟ್‌ನ ಖರೀದಿ ವಿಭಾಗದಿಂದ ಒಂದು ಪಟ್ಟಿ ಬಂತು. ಅವರಿಗೆ ನಲವತ್ತಕ್ಕೂ ಹೆಚ್ಚು ವೆಂಡರ್‌ಗಳಿದ್ದರು, ಅಂದರೆ ನಮ್ಮಂತೆ ಹೊರಗಿನಿಂದ ಕೆಲಸ ಮಾಡಿಕೊಡುವ ಕಂಪನಿಗಳು. ಆರಕ್ಕೆ ಇಳಿಸಬೇಕು, ಉಳಿದವರ ಕೆಲಸವನ್ನೂ ನೀವೇ ಮಾಡಿ, ಬದಲಿಗೆ ದರ ಇಳಿಸಿ ಎಂದರು. ಬಿಡಬೇಕಾದವರಲ್ಲಿ ಪುಣೆಯ ಕೋಥ್ರೂಡ್‌ನ ಒಂದು ಚಿಕ್ಕ ಕಂಪನಿ ಇತ್ತು. ಅವರ ಕೆಲಸದ ಮೇಲೆ ಒಂದು ದೂರೂ ಇರಲಿಲ್ಲ. ವರ್ಷದ ಬಿಲ್ಲಿನ ಮೊತ್ತ ಇಷ್ಟಕ್ಕಿಂತ ಕಡಿಮೆ ಇದ್ದವರೆಲ್ಲ ಹೊರಗೆ ಅಂತ ಒಂದು ಗೆರೆ ಎಳೆದಿದ್ದರು, ಅಷ್ಟೇ. ಅವರ ಕೆಲಸಕ್ಕೆ ದರ ಹಾಕಿದವಳು ನಾನೇ. ಅದು ನನ್ನನ್ನು ಇನ್ನೂ ಕಾಡುತ್ತದೆ. ಹಾಗಾಗಿಯೇ ನಿಮಗೆ ಇಷ್ಟುದ್ದ ಬರೆಯುತ್ತಿದ್ದೇನೆ. ನಿಮ್ಮ ಕೆಲಸ ಮೆಚ್ಚುವ, ಕ್ಲೈಂಟ್ ಕಡೆಯ ಎಂಜಿನಿಯರಿಂಗ್ ಮುಖ್ಯಸ್ಥರಿಗೆ ಇಂಥ ಗೆರೆಯ ವಿಷಯ ಕೊನೆಯವರೆಗೂ ಗೊತ್ತಿರಲಿಕ್ಕಿಲ್ಲ.

ನಿಮ್ಮ ಕ್ಲೈಂಟ್ ಜರ್ಮನಿಯವರು, ಅದೂ ಕಾರಿನ ಉದ್ಯಮದವರು. 2023, 2024 ಎರಡೂ ವರ್ಷ ಜರ್ಮನಿಯ ಆರ್ಥಿಕತೆ ಕುಗ್ಗಿತು. ರಷ್ಯಾದ ಅಗ್ಗದ ಗ್ಯಾಸ್ ನಿಂತದ್ದು ಒಂದು ಕಾರಣ. ಫೋಕ್ಸ್‌ವ್ಯಾಗನ್ 2030ರೊಳಗೆ 35,000ಕ್ಕೂ ಹೆಚ್ಚು ಹುದ್ದೆ ಕಡಿಮೆ ಮಾಡುವ ಒಪ್ಪಂದಕ್ಕೆ 2024ರ ಡಿಸೆಂಬರ್‌ನಲ್ಲಿ ಬಂತು. ದೊಡ್ಡವರು ಕೆಮ್ಮಿದರೆ ಬಿಡಿಭಾಗದವರಿಗೆ ಜ್ವರ. ಅಲ್ಲಿನ ಕಂಪನಿಗಳಲ್ಲಿ ನೌಕರರು ಆರಿಸಿದ ಸಮಿತಿ ಇರುತ್ತದೆ. ಜನರನ್ನು ತೆಗೆಯುವಂಥ ದೊಡ್ಡ ಬದಲಾವಣೆ ಇದ್ದರೆ ಆ ಸಮಿತಿಯ ಜೊತೆ ಕೂತು ಮಾತಾಡಲೇಬೇಕು. ಇಲ್ಲೇ ನಮ್ಮವರನ್ನು ಮನೆಗೆ ಕಳಿಸುತ್ತಾ ಪುಣೆಗೆ ಹೊಸ ಕೆಲಸ ಕೊಡುತ್ತೀರಾ ಎಂದು ಅಲ್ಲಿ ಯಾರಾದರೂ ಕೇಳಿದರೆ ನಿಮ್ಮ ಕ್ಲೈಂಟ್‌ನ ಮ್ಯಾನೇಜರ್ ಏನು ಹೇಳಬೇಕು? ಅದಕ್ಕೆ ಅವರು "ಯುದ್ಧ" ಎಂದು ಬರೆದಿರಬಹುದು. ಅದು ಸುಳ್ಳಲ್ಲ. ಹೇಳಲು ಕಷ್ಟವಾದದ್ದರ ಬದಲು ಹೇಳಲು ಸುಲಭವಾದದ್ದನ್ನು ಹೇಳಿದ್ದಾರೆ.

ಅಮೆರಿಕದ ಗಲಾಟೆ ನಿಮಗೆ ನೇರವಾಗಿ ತಟ್ಟುವುದಿಲ್ಲ. ಹೊರದೇಶಕ್ಕೆ ಕೆಲಸ ಕೊಟ್ಟರೆ ಶೇ 25 ತೆರಿಗೆ ಹಾಕಬೇಕು ಎಂಬ ಮಸೂದೆಯನ್ನು 2025ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಸೆನೆಟರ್ ಒಬ್ಬರು ತಂದರು. ಅದೇ ತಿಂಗಳು ಅಮೆರಿಕಕ್ಕೆ ಹೋಗಿ ಕೆಲಸ ಮಾಡಲು ಬೇಕಾದ ಎಚ್-1ಬಿ ವೀಸಾದ ಹೊಸ ಅರ್ಜಿಗೆ 1,00,000 ಡಾಲರ್ ಶುಲ್ಕ ಬಂತು. ಮಸೂದೆ ಬರೀ ಮಂಡನೆಯಾದರೂ ಸಾಕು, ಹಣಕಾಸಿನವರು ಪೆನ್ನು ಕೆಳಗಿಡುತ್ತಾರೆ.

ಹಾಗಾದರೆ ಏನು ಮಾಡಬೇಕು? ಎಂಜಿನಿಯರಿಂಗ್ ಮುಖ್ಯಸ್ಥರಿಗೆ ಫೋನ್ ಮಾಡಿ, ನೇರವಾಗಿ ಕೇಳಿ: ಎರಡನೇ ಹಂತದ ಬಜೆಟ್ ಇನ್ನೂ ಇದೆಯಾ, ಅಥವಾ ವಾಪಸ್ ಹೋಗಿದೆಯಾ? ಬಜೆಟ್ ಇದ್ದು ಸಹಿ ಮಾತ್ರ ಇಲ್ಲದಿದ್ದರೆ ಆರು ತಿಂಗಳ ಕೆಲಸವನ್ನು ಆರು ವಾರದ ತುಂಡು ಮಾಡಿ ಕೊಡಿ. ಚಿಕ್ಕ ಮೊತ್ತಕ್ಕೆ ಕೆಳಗಿನ ಅಧಿಕಾರಿಯೇ ಸಹಿ ಹಾಕಬಹುದು. ಬಜೆಟ್ ವಾಪಸ್ ಹೋಗಿದ್ದರೆ ಖರೀದಿ ವಿಭಾಗದಲ್ಲಿ ವೆಂಡರ್ ಸಂಖ್ಯೆ ಇಳಿಸುವ ಮಾತು ನಡೆದಿದೆಯಾ ಎಂದು ಕೇಳಿ. ನಡೆದಿದ್ದರೆ ಉಳಿಯುವ ದೊಡ್ಡ ವೆಂಡರ್‌ನ ಕೆಳಗೆ ಉಪಗುತ್ತಿಗೆ ಹಿಡಿಯುವ ದಾರಿ ಈಗಲೇ ಹುಡುಕಿ. ಲಾಭ ಕಡಿಮೆ, ಆದರೆ ನಿಮ್ಮ ಹುಡುಗರು ಅದೇ ಕೆಲಸದ ಮೇಲೆ ಉಳಿಯುತ್ತಾರೆ.

ಅವರ ಭಯ ನಿಜವಾಗಿಯೂ ಯುದ್ಧದ್ದೇ ಆಗಿದ್ದರೆ ಬಾಯಿಮಾತಿನ ಧೈರ್ಯ ಸಾಲದು. 2025ರ ಮೇನಲ್ಲಿ ಭಾರತ–ಪಾಕಿಸ್ತಾನ ಸಂಘರ್ಷ ನಡೆದು, ಉತ್ತರ ಮತ್ತು ಪಶ್ಚಿಮ ಭಾರತದ 32 ವಿಮಾನ ನಿಲ್ದಾಣ ಮುಚ್ಚಿದಾಗ ನಮಗೆ ಬಂದ ಮೇಲ್‌ಗಳನ್ನು ಮರೆತಿಲ್ಲ. ಪುಣೆ ಗಡಿಯಿಂದ ಎಷ್ಟು ದೂರ ಎಂದು ನಕ್ಷೆ ಹಾಕಿ ಕಳಿಸಿದೆವು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಜೆದ್ದಾ ಹತ್ತಿರ ಕೆಂಪು ಸಮುದ್ರದಲ್ಲಿ ಕೇಬಲ್‌ಗಳು ತುಂಡಾದವು. ಮುಂಬೈನಿಂದ ಯುರೋಪಿಗೆ ಹೋಗುವ ಇಂಟರ್ನೆಟ್‌ನ ಮುಖ್ಯ ದಾರಿ ಅದೇ. ನಿಮ್ಮ ಇಂಟರ್ನೆಟ್ ಕಂಪನಿಯನ್ನು ಕೇಳಿ: ಆ ದಾರಿ ಕಟ್ಟಾದರೆ ಚೆನ್ನೈ, ಸಿಂಗಪುರದ ಕಡೆಯಿಂದ ಸುತ್ತುಹಾಕಿ ಹೋಗುವ ವ್ಯವಸ್ಥೆ ಇದೆಯಾ? ನಾಲ್ಕೈದು ಜನ ಹುಬ್ಬಳ್ಳಿಯಿಂದಲೋ ಬೆಳಗಾವಿಯಿಂದಲೋ ಕೆಲಸ ಮಾಡಬಲ್ಲರಾ? ಎರಡೂ ಇದ್ದರೆ ಎರಡು ಪುಟದಲ್ಲಿ ಬರೆದು ಕಳಿಸಿ. ಅದು ನಿಮ್ಮ ಎರಡನೇ ಹಗೇವು.

ದರದ ವಿಷಯದಲ್ಲಿ ಒಂದು ಎಚ್ಚರಿಕೆ. 2025ರ ಶುರುವಿನಲ್ಲಿ 90 ರೂಪಾಯಿಗಿಂತ ಕೆಳಗಿದ್ದ ಯೂರೋ ಅದೇ ವರ್ಷ 100 ದಾಟಿತು. ಇದು ಅವರಿಗೂ ಗೊತ್ತು. "ನಿಮಗೆ ರೂಪಾಯಿ ಲಾಭ ಬಂದಿದೆ, ಹತ್ತು ಪರ್ಸೆಂಟ್ ಬಿಡಿ" ಅಂತ ಕೇಳುತ್ತಾರೆ. ಶಾಶ್ವತವಾಗಿ ಇಳಿಸಬೇಡಿ. ಆರು ತಿಂಗಳಿಗೆ ರಿಯಾಯಿತಿ ಕೊಡಿ, ಕೊನೆಯ ದಿನಾಂಕ ಕಾಂಟ್ರ್ಯಾಕ್ಟ್‌ನಲ್ಲೇ ಬರೆಸಿ. ಬದಲಿಗೆ, ಕಾಂಟ್ರ್ಯಾಕ್ಟ್ ಮುಗಿಸುವ ಮೊದಲು ಅವರು ಕೊಡಬೇಕಾದ ನೋಟಿಸ್ 30 ದಿನದಿಂದ 90 ದಿನಕ್ಕೆ ಏರಿಸಲು ಕೇಳಿ. ಈ ಹೊತ್ತಿನಲ್ಲಿ ನಿಮಗೆ ಹತ್ತು ಪರ್ಸೆಂಟ್‌ಗಿಂತ ಆ 60 ದಿನ ದೊಡ್ಡದು. 22 ಜನರ ಎರಡು ತಿಂಗಳ ಸಂಬಳ ಅದರಲ್ಲಿದೆ.

ಎಂಜಿನಿಯರಿಂಗ್ ಮುಖ್ಯಸ್ಥರು ಬಜೆಟ್ ಬಗ್ಗೆ ಏನು ಹೇಳಿದರು ಅಂತ ಇಲ್ಲೇ ಕೆಳಗೆ ಬರೆಯಿರಿ. ಕಂಪನಿಯ ಹೆಸರು ಬೇಡ. ಆ ತುಂಡು ಕೆಲಸಕ್ಕೆ ದರ ಹೇಗೆ ಹಾಕಬೇಕು ಅಂತ ನಾನು ಲೆಕ್ಕ ಮಾಡಿಕೊಡುತ್ತೇನೆ.