ಕಿಡಿ ಜೋರಾದರೆ ಮೈಲೇಜ್ ಹೆಚ್ಚುತ್ತದೆಯೇ?

ಪ್ರಶ್ನೆ: ಇರಿಡಿಯಂ ಸ್ಪಾರ್ಕ್ ಪ್ಲಗ್ ಮತ್ತು ಹೆಚ್ಚು ಶಕ್ತಿಯ ಇಗ್ನಿಷನ್ ಕಾಯಿಲ್ ಹಾಕಿಸಿದರೆ ಪೆಟ್ರೋಲ್ ಪೂರ್ತಿಯಾಗಿ ಉರಿದು ಮೈಲೇಜ್ ಹೆಚ್ಚುತ್ತದೆ ಎನ್ನುತ್ತಾರೆ. ಇದು ನಿಜವೇ? ಇಂಧನ ಹೊತ್ತಿಕೊಳ್ಳುವುದನ್ನು ಸುಧಾರಿಸಲು ಬೇರೆ ದಾರಿಗಳಿವೆಯೇ?

ಉತ್ತರ: ಎಂಜಿನ್ ಸುಸ್ಥಿತಿಯಲ್ಲಿದ್ದು, ಪ್ರತಿ ಸಲವೂ ಗಾಳಿ-ಪೆಟ್ರೋಲ್ ಮಿಶ್ರಣ ತಪ್ಪದೆ ಹೊತ್ತಿಕೊಳ್ಳುತ್ತಿದ್ದರೆ, ಕಿಡಿಯನ್ನು ಇನ್ನಷ್ಟು ಜೋರು ಮಾಡುವುದರಿಂದ ಗಮನಾರ್ಹ ಲಾಭವಿಲ್ಲ. ಕಿಡಿಯ ಶಕ್ತಿ ಸಾಮಾನ್ಯವಾಗಿ ಕೆಲವು ಹತ್ತು ಮಿಲಿಜೂಲ್ ಮಾತ್ರ. ಅದು ಉರಿಯನ್ನು ಹಚ್ಚಿಕೊಡುತ್ತದೆ, ಉಳಿದ ಕೆಲಸವೆಲ್ಲ ಜ್ವಾಲೆಯದು.

ಆ ಮೊದಲ ಜ್ವಾಲೆ ಬದುಕುಳಿಯುವುದೇ ಕಷ್ಟದ ಸಂಗತಿ. ಒಂದು ಮಿಲಿಮೀಟರ್ ಆಸುಪಾಸಿನ ಅಂತರದಲ್ಲಿ ಹುಟ್ಟುವ ಅದರ ಶಾಖವನ್ನು ಎರಡೂ ಬದಿಯ ಎಲೆಕ್ಟ್ರೋಡ್‌ಗಳ ಲೋಹ ಹೀರಿಕೊಳ್ಳುತ್ತದೆ. ಸಾಮಾನ್ಯ ನಿಕ್ಕಲ್ ಪ್ಲಗ್‌ನ ನಡುವಿನ ಎಲೆಕ್ಟ್ರೋಡ್ ಸುಮಾರು 2.5 ಮಿ.ಮೀ. ದಪ್ಪವಿದ್ದರೆ, ಇರಿಡಿಯಂ ಪ್ಲಗ್‌ನ ತುದಿ 0.4ರಿಂದ 0.7 ಮಿ.ಮೀ. ಇರುತ್ತದೆ. ಹೀಗಾಗಿ ಶಾಖ ಕಡಿಮೆ ಸೋರುತ್ತದೆ, ಕಿಡಿ ಹಾರಲು ಬೇಕಾಗುವ ವೋಲ್ಟೇಜ್ ಕೂಡ ತಗ್ಗುತ್ತದೆ. ಆದರೂ ಇರಿಡಿಯಂನ ನಿಜವಾದ ಹೆಚ್ಚುಗಾರಿಕೆ ಅದರ ದೀರ್ಘ ಬಾಳಿಕೆ ಎಂದೇ ನಾನು ಹೇಳುತ್ತೇನೆ. ಸವೆದ ಪ್ಲಗ್‌ನಲ್ಲಿ ಅಂತರ ಹಿಗ್ಗಿ, ಕಾಯಿಲ್ ಒದಗಿಸಬಲ್ಲ ವೋಲ್ಟೇಜ್ ಸಾಲದೆ, ಆಗಾಗ ಮಿಸ್‌ಫೈರ್ ಆಗುತ್ತದೆ, ಅಂದರೆ ಮಿಶ್ರಣ ಹೊತ್ತಿಕೊಳ್ಳುವುದೇ ಇಲ್ಲ. ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆಗೆ ಹರಿದು, ಹೊಗೆಯ ವಿಷಾನಿಲಗಳನ್ನು ತಗ್ಗಿಸುವ ಕೆಟಲಿಟಿಕ್ ಕನ್ವರ್ಟರನ್ನೂ ಹಾಳುಮಾಡುತ್ತದೆ. ಅಂಥ ಪ್ಲಗ್ ಬದಲಿಸಿದವರಿಗೆ ಮೈಲೇಜ್ ಹೆಚ್ಚಿದಂತೆ ಕಾಣುವುದು ಸಹಜ, ಏಕೆಂದರೆ ಕಳೆದುಹೋಗಿದ್ದದ್ದು ಮರಳಿ ಬಂದಿರುತ್ತದೆ.

ಕಿಡಿ ಯಾವಾಗ ಹಾರುತ್ತದೆ ಎಂಬುದಕ್ಕೆ ಅದರ ಬಲಕ್ಕಿಂತ ಹೆಚ್ಚಿನ ಮಹತ್ವವಿದೆ. ಜ್ವಾಲೆ ಹರಡಲು ಸಮಯ ಬೇಕಾದ್ದರಿಂದ ಪಿಸ್ಟನ್ ಮೇಲಿನ ತುದಿ ಮುಟ್ಟುವ ಮೊದಲೇ ಕಿಡಿ ಹಾರಬೇಕು. ಪಿಸ್ಟನ್ ಆ ತುದಿಯನ್ನು ದಾಟಿ, ಅದರ ಚಲನೆಯಿಂದ ತಿರುಗುವ ಕ್ರ್ಯಾಂಕ್ ದಂಡ ಸುಮಾರು 15 ಡಿಗ್ರಿ ತಿರುಗುವ ಹೊತ್ತಿಗೆ ಸಿಲಿಂಡರ್‌ನ ಒತ್ತಡ ಗರಿಷ್ಠ ಮಟ್ಟಕ್ಕೆ ಬಂದರೆ ಒಳ್ಳೆಯ ಫಲ ಸಿಗುತ್ತದೆ. ತೀರಾ ಮುಂಚಿತವಾದರೆ ನಾಕಿಂಗ್ (ಮಿಶ್ರಣದ ಉಳಿದ ಭಾಗ ತಾನಾಗಿ ಸಿಡಿದು ಬಡಿದಂಥ ಸದ್ದು), ತಡವಾದರೆ ಶಕ್ತಿ ಶಾಖವಾಗಿ ಹೊರಗೆ ಪೋಲು.

ಬಲವಾದ ಕಿಡಿ ನಿಜಕ್ಕೂ ಬೇಕಾಗುವುದು ಮಿಶ್ರಣ ತೆಳುವಾದಾಗ. ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ ಅದರ ಸುಮಾರು 14.7 ಪಟ್ಟು ಗಾಳಿ ಬೇಕು. ಗಾಳಿ ಇದಕ್ಕಿಂತ ಬಹಳ ಹೆಚ್ಚಾದರೆ, ಅಥವಾ ಹೊಗೆಯ ಒಂದು ಭಾಗವನ್ನು ಮತ್ತೆ ಒಳಗೆ ಬಿಟ್ಟರೆ, ಮಿಶ್ರಣ ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ. ಆಗ ಹೆಚ್ಚು ಹೊತ್ತು ನಿಲ್ಲುವ ಕಿಡಿ, ಒಂದು ಸಿಲಿಂಡರ್‌ಗೆ ಎರಡು ಪ್ಲಗ್, ಒಳಬರುವ ಗಾಳಿಗೆ ಸುಳಿ ಕೊಡುವ ಇನ್‌ಟೇಕ್ ದಾರಿ, ಇವೆಲ್ಲ ನೆರವಾಗುತ್ತವೆ. ಇವೆಲ್ಲಕ್ಕಿಂತ ನನಗೆ ಅಚ್ಚುಮೆಚ್ಚಿನದು ಪ್ರೀಚೇಂಬರ್ ವಿಧಾನ. ಹೋಂಡಾ ಕಂಪನಿಯು 1970ರ ದಶಕದ ಸಿವಿಸಿಸಿ ಎಂಜಿನ್‌ನಲ್ಲಿ ಪುಟ್ಟ ಕೋಣೆಯೊಂದರಲ್ಲಿ ದಟ್ಟ ಮಿಶ್ರಣವನ್ನು ಹೊತ್ತಿಸಿ, ಅಲ್ಲಿಂದ ನುಗ್ಗುವ ಜ್ವಾಲೆಯಿಂದ ಮುಖ್ಯ ಸಿಲಿಂಡರ್‌ನ ತೆಳು ಮಿಶ್ರಣವನ್ನು ಉರಿಸಿ, ಅಮೆರಿಕದ ಅಂದಿನ ಕಠಿಣ ಹೊಗೆ ನಿಯಮಗಳನ್ನು ಕೆಟಲಿಟಿಕ್ ಕನ್ವರ್ಟರ್ ಇಲ್ಲದೆಯೇ ಪಾಲಿಸಿತು.

ಇಂಥ ವ್ಯವಸ್ಥೆಗಳನ್ನು ಎಂಜಿನ್ ವಿನ್ಯಾಸದಲ್ಲೇ ಅಳವಡಿಸಬೇಕು. ಮಾಲೀಕರಾಗಿ ನೀವು ಮಾಡಬಹುದಾದದ್ದು ತಯಾರಕರು ಹೇಳಿದ ಗ್ಯಾಪ್ (ಎಲೆಕ್ಟ್ರೋಡ್‌ಗಳ ಅಂತರ) ಮತ್ತು ಹೀಟ್ ರೇಂಜ್ (ಶಾಖವನ್ನು ಹೊರಸಾಗಿಸುವ ಸಾಮರ್ಥ್ಯ) ಇರುವ ಪ್ಲಗ್ಗನ್ನೇ ಬಳಸಿ, ಹೇಳಿದ ಅವಧಿಗೆ ಬದಲಿಸುವುದು.