ಬೈಬಲ್, ಕಾಡು ಮತ್ತು ಇಥಿಯೋಪಿಯಾದ ಚರ್ಚುಗಳು

ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದಲ್ಲೇ ಮನುಷ್ಯನಿಗೆ ಭೂಮಿಯ ಮೇಲೆ ಅಧಿಕಾರ ಕೊಟ್ಟಿದೆ, ಹಾಗಿದ್ದ ಮೇಲೆ ಕ್ರೈಸ್ತರಿಗೆ ಪರಿಸರದ ಚಿಂತೆ ಎಲ್ಲಿಂದ ಬರಬೇಕು ಅಂತ ಕೇಳಿದ್ದೀರಿ. ಈ ಆರೋಪ ಹೊಸದಲ್ಲ. ಇತಿಹಾಸಕಾರ ಲಿನ್ ವೈಟ್ 1967ರಲ್ಲೇ ಇಂಥದ್ದೇ ವಾದ ಬರೆದು ದೊಡ್ಡ ಚರ್ಚೆ ಎಬ್ಬಿಸಿದ್ದರು. ಪೂರ್ತಿ ಸುಳ್ಳು ಅಂತ ನಾನೂ ಹೇಳುವುದಿಲ್ಲ. ಆದರೆ ಅದೇ ಆದಿಕಾಂಡದ ಎರಡನೇ ಅಧ್ಯಾಯದಲ್ಲಿ ತೋಟ ಕಾಯಲು ಮನುಷ್ಯನನ್ನು ಇಟ್ಟ ಮಾತಿದೆ, ಬೈಬಲಿನದೇ ಇನ್ನೊಂದು ಪುಸ್ತಕ ಯಾಜಕಕಾಂಡದ 25ನೇ ಅಧ್ಯಾಯದಲ್ಲಿ ಏಳನೇ ವರ್ಷ ಹೊಲಕ್ಕೂ ವಿಶ್ರಾಂತಿ ಕೊಡಿ ಅಂತಿದೆ, ಅದನ್ನೆಲ್ಲ ಬಿಟ್ಟು ಒಂದೇ ವಚನ ಹಿಡಿದು ತೀರ್ಪು ಕೊಟ್ಟರೆ ಹೇಗೆ?

ವಚನ ಬಿಡಿ, ಇಥಿಯೋಪಿಯಾ ನೋಡಿ. ಅಲ್ಲಿ ಉತ್ತರದ ಬೆಟ್ಟಸೀಮೆಯ ಕಾಡು ಬಹುಪಾಲು ಹೊಲ, ಹುಲ್ಲುಗಾವಲಾಗಿ ಹೋಗಿದೆ. ಉಳಿದದ್ದು ಜಾಸ್ತಿ ಆರ್ಥೊಡಾಕ್ಸ್ ಎಂಬ ಹಳೆಯ ಕ್ರೈಸ್ತ ಪಂಥದ ಚರ್ಚುಗಳ ಸುತ್ತಲೇ. ಮೇಲಿಂದ ತೆಗೆದ ಫೋಟೋ ಹುಡುಕಿ ನೋಡಿ, ಒಣ ಹೊಲಗಳ ಮಧ್ಯೆ ದುಂಡನೆಯ ಹಸಿರು ಚುಕ್ಕಿಗಳು, ಒಳಗೆ ಚರ್ಚಿನ ಚಾವಣಿ. ಮರಗಳೇ ಚರ್ಚಿನ ಬಟ್ಟೆ ಅಂತ ಅಲ್ಲಿನವರು ನಂಬುತ್ತಾರೆ. ನಮ್ಮ ಕೊಡಗಿನ ದೇವರಕಾಡು ನೆನಪಾಗುತ್ತದೆ ಅಲ್ವಾ?

ಆದರೆ ಭಕ್ತಿಯೊಂದೇ ಸಾಕಾಗಲಿಲ್ಲ. ದನಗಳು ನುಗ್ಗಿ ಸಸಿ ಮೇಯುತ್ತಿದ್ದವು, ಹೊಸ ಮರ ಏಳುವುದೇ ಕಷ್ಟವಾಗಿತ್ತು. ಅಲ್ಲಿಯವರೇ ಆದ ಪರಿಸರ ವಿಜ್ಞಾನಿ ಅಲೆಮಾಯೆಹು ವಾಸಿ ಮತ್ತು ಅಮೆರಿಕದ ಮಾರ್ಗರೆಟ್ ಲೌಮನ್ ಪಾದ್ರಿಗಳ ಜೊತೆ ಮಾತಾಡಿ, ಊರವರನ್ನು ಸೇರಿಸಿಕೊಂಡು ಕಾಡಿನ ಸುತ್ತ ಕಲ್ಲಿನ ಗೋಡೆ ಕಟ್ಟಿಸಿದರು. ಕಲ್ಲು ಬಂದದ್ದು ಪಕ್ಕದ ಹೊಲಗಳಿಂದಲೇ, ಹಾಗಾಗಿ ರೈತರಿಗೆ ಉಳುಮೆಯೂ ಸಲೀಸಾಯಿತು.

ಎಲ್ಲ ಚರ್ಚುಗಳೂ ಹೀಗಿವೆ ಅಂತಲ್ಲ, ಮರ ಕಡಿದು ಕಾಂಕ್ರೀಟ್ ಹಾಕಿದವರೂ ಇದ್ದಾರೆ. ಅವರನ್ನು ಧಾರಾಳವಾಗಿ ಬೈಯಿರಿ, ನಾನೂ ಸೇರುತ್ತೇನೆ.