ಲಾಗಿನ್ ಹುಡುಗನದು, ಕೈ ಯಾರದು?

ಹಾವೇರಿ ಜಿಲ್ಲೆಯ ಓದುಗರೊಬ್ರು ಬರೆದಿದ್ದಾರೆ, ಹೆಸರು ಊರು ಹಾಕ್ಬೇಡಿ ಅಂದಿದ್ದಾರೆ, ಹಾಕಲ್ಲ. ಅವರ ಅಕ್ಕನ ಮಗ, 22 ವರ್ಷ, ಒಂದು ಮೊಬೈಲ್ ಅಂಗಡೀಲಿ ಒಂದೂವರೆ ವರ್ಷ ಕೆಲಸ ಮಾಡಿ ಬಿಟ್ಟಿದ್ದಾನೆ. ಈಗ ಬೇರೆ ರಾಜ್ಯದ ಸೈಬರ್ ಠಾಣೆಯಿಂದ ವಾಟ್ಸಾಪಲ್ಲಿ ನೋಟಿಸ್ ಬಂದಿದೆ. ಪಕ್ಕದ ಓಣಿಯ ಒಬ್ಬ ಅಜ್ಜಿಯ ಹೆಸರಲ್ಲಿ ಅವರಿಗೇ ಗೊತ್ತಿಲ್ಲದಂತೆ ಸಿಮ್ ತೆಗೆದು ಯಾರೋ ವಂಚಕರಿಗೆ ಕೊಟ್ಟಿದ್ದಾರೆ, ಆ ಸಿಮ್ ಆಕ್ಟಿವೇಟ್ ಆಗಿರೋದು ಈ ಹುಡುಗನ ಲಾಗಿನ್ನಿಂದ. "ಹುಡುಗ ಏನೂ ಮಾಡಿಲ್ರೀ ಸರ, ಪೊಲೀಸ್ರ ಮುಂದ ಇದ್ದದ್ದು ಇದ್ದಂಗ ಹೇಳಿ ಬಾ ಅಂತ ಕಳಸಲೇನು? ಆ ಅಜ್ಜಿ ನಮಗ ಪರಿಚಯ, ಒಂದ್ ಮಾತು ಹೋಗಿ ಕೇಳಲೇನು?" ಅಂತ ಎರಡು ಪ್ರಶ್ನೆ.

ಸರ್, ಹಂಗೇ ಒಬ್ಬನ್ನೇ ಕಳಿಸ್ಬೇಡಿ. ಹೋಗೋದೇ ಬೇಡ ಅಂತಲ್ಲ, ವಕೀಲರನ್ನ ಕಂಡು, ಕೈಯಲ್ಲಿ ಕಾಗದ ಇಟ್ಕೊಂಡು ಹೋಗಲಿ. ನಾನು ವಕೀಲ ಅಲ್ಲ, ಇಪ್ಪತ್ತು ವರ್ಷ ಇಂಥ ಪತ್ರ ಓದಿ ವಕೀಲರ ಹತ್ರ ಕೇಳ್ಕೊಂಡು ಬರೆಯೋನು, ಅಷ್ಟೇ.

ಮೊದಲು ಆ ನೋಟಿಸ್ ಅಸಲಿಯಾ ನೋಡಿ. "ಡಿಜಿಟಲ್ ಅರೆಸ್ಟ್" ಅಂತ ಹೆದರಿಸಿ ದುಡ್ಡು ಕೀಳೋರೂ ಇದೇ ಥರ ಸೀಲು, ಸಿಂಹ, ಸಹಿ ಎಲ್ಲಾ ಇರೋ ಪಿಡಿಎಫ್ ಕಳಿಸ್ತಾರೆ. ಅದರಲ್ಲಿರೋ ನಂಬರಿಗೆ ಫೋನ್ ಮಾಡ್ಬೇಡಿ. ಆ ರಾಜ್ಯದ ಪೊಲೀಸ್ ವೆಬ್‌ಸೈಟಲ್ಲಿ ಠಾಣೆಯ ನಂಬರ್ ಹುಡುಕಿ ಕೇಳಿ, ಎಫ್‌ಐಆರ್ ನಂಬರ್ ಹಾಕಿ ಕಾಪಿ ಇಳಿಸ್ಕೊಳ್ಳಿ. ಎಫ್‌ಐಆರನ್ನ 24 ಗಂಟೆಯೊಳಗೆ ವೆಬ್‌ಸೈಟಿಗೆ ಹಾಕ್ಬೇಕು ಅಂತ ಸುಪ್ರೀಂ ಕೋರ್ಟ್ 2016ರಲ್ಲೇ ಹೇಳಿದೆ, ಸೂಕ್ಷ್ಮ ಪ್ರಕರಣ ಬಿಟ್ಟು. ಅನುಮಾನ ಇದ್ರೆ ನಿಮ್ಮ ಜಿಲ್ಲೆಯ ಸಿಇಎನ್ ಠಾಣೇಲಿ (ಸೈಬರ್ ಅಪರಾಧ ನೋಡೋ ಠಾಣೆ) ತೋರಿಸಿ. ಅಸಲಿಯೇ ಆದ್ರೂ ಒಂದು ಮಾತಿದೆ, ಈ ಥರದ ಹಾಜರಾತಿ ನೋಟಿಸನ್ನ ವಾಟ್ಸಾಪಲ್ಲಿ ಕೊಟ್ರೆ ಅದು ಕೊಟ್ಟಂಗಲ್ಲ ಅಂತ ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಸ್ಪಷ್ಟ ಮಾಡಿದೆ. ಹಂಗಂತ ಸುಮ್ಮನೆ ಕೂರೋದು ಜಾಣತನ ಅಲ್ಲ. ವಕೀಲರ ಕಡೆಯಿಂದ "ನೋಟಿಸ್ ವಿಷಯ ತಿಳೀತು, ಸಹಕರಿಸ್ತೀವಿ, ಕ್ರಮಬದ್ಧವಾಗಿ ಕೊಡಿ, ಇಂಥ ದಿನ ಬರ್ತೀವಿ" ಅಂತ ಇಮೇಲ್ ಹೋಗಲಿ, ಜೊತೆಗೆ ಸ್ಪೀಡ್ ಪೋಸ್ಟೂ ಹೋಗಲಿ (ರಿಜಿಸ್ಟರ್ಡ್ ಪೋಸ್ಟ್ ಅಂತ ಕೇಳಿದ್ರೆ ಈಗ ಸಿಗಲ್ಲ, ಅದನ್ನ ಸ್ಪೀಡ್ ಪೋಸ್ಟಿಗೇ ಸೇರಿಸಿಬಿಟ್ಟಿದ್ದಾರೆ). ಬಿಎನ್‌ಎಸ್‌ಎಸ್ (ಹಳೇ ಸಿಆರ್‌ಪಿಸಿ ಜಾಗಕ್ಕೆ ಬಂದ ಕಾಯ್ದೆ) 35(3) ಪ್ರಕಾರ ನೋಟಿಸ್ ಕೊಟ್ಟು, ಕರೆದಾಗೆಲ್ಲ ಹೋಗ್ತಾ ಇದ್ರೆ, ಕಾರಣ ಬರೆದಿಡದೆ ಅರೆಸ್ಟ್ ಮಾಡೋ ಹಂಗಿಲ್ಲ. ತಪ್ಪಿಸ್ಕೊಂಡ್ರೆ ಆ ರಕ್ಷಣೆ ಹೋಯ್ತು.

ಆಮೇಲೆ ಸೆಕ್ಷನ್ ನೋಡಿ. ಬೇರೆಯವರ ಗುರುತು ಬಳಸಿದ್ದಕ್ಕೆ ಐಟಿ ಕಾಯ್ದೆಯ 66ಸಿ, ಬೇರೆಯವರಂತೆ ನಟಿಸಿ ಮೋಸ ಮಾಡಿದ್ದಕ್ಕೆ 66ಡಿ, ಎರಡಕ್ಕೂ 3 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ, ಎರಡೂ ಜಾಮೀನು ಸಿಗೋವೇ. ನೀವು ಕಳಿಸಿದ ನೋಟಿಸಿನ ಫೋಟೋದಲ್ಲಿ ಜೊತೆಗೆ ಬಿಎನ್‌ಎಸ್ (ಹಳೇ ಐಪಿಸಿ ಜಾಗಕ್ಕೆ ಬಂದ ಸಂಹಿತೆ) 318(4) ಇದೆ ನೋಡಿ, ವಂಚನೆಯ ಹಳೇ 420, ಅದು 7 ವರ್ಷದವರೆಗೆ, ಜಾಮೀನುರಹಿತ. ಮನೆಯವರ ನಿದ್ದೆ ಕೆಡಿಸೋದು ಅದೊಂದೇ ನಂಬರು. ಅದಿದ್ರೂ ಅರೆಸ್ಟ್ ಆಗ್ಲೇಬೇಕು ಅಂತಿಲ್ಲ, 7 ವರ್ಷದವರೆಗೆ ಶಿಕ್ಷೆ ಇರೋ ಅಪರಾಧಕ್ಕೆ ಕಣ್ಣುಮುಚ್ಚಿ ಅರೆಸ್ಟ್ ಮಾಡ್ಬೇಡಿ ಅಂತ 2014ರ ಅರ್ನೇಶ್ ಕುಮಾರ್ ತೀರ್ಪೇ ಇದೆ. ಭಯ ಇದ್ರೆ ನಿರೀಕ್ಷಣಾ ಜಾಮೀನು ಹಾಕಿ, ಬಿಎನ್‌ಎಸ್‌ಎಸ್ 482. ಕೇಸು ಬೇರೆ ರಾಜ್ಯದ್ದು, ಅಲ್ಲಿಗೇ ಓಡ್ಬೇಕಾ ಅಂತ ಗಾಬರಿ ಬೇಡ. 2023ರ ನವೆಂಬರಲ್ಲಿ ಪ್ರಿಯಾ ಇಂದೋರಿಯಾ ವರ್ಸಸ್ ಕರ್ನಾಟಕ ಕೇಸಲ್ಲಿ, ಎಫ್‌ಐಆರ್ ಬೇರೆ ರಾಜ್ಯದಲ್ಲಿದ್ರೂ ಇಲ್ಲಿನ ಸೆಷನ್ಸ್ ಕೋರ್ಟು ಅಥವಾ ಹೈಕೋರ್ಟು ಸ್ವಲ್ಪ ಕಾಲಕ್ಕೆ ರಕ್ಷಣೆ ಕೊಡಬಹುದು ಅಂತ ಸುಪ್ರೀಂ ಕೋರ್ಟ್ ಹೇಳಿದೆ. ಅಷ್ಟರೊಳಗೆ ಅಲ್ಲಿನ ಕೋರ್ಟಿಗೆ ಹೋದ್ರಾಯ್ತು. ಇನ್ನೊಂದು, ಸಿಮ್ ಆಕ್ಟಿವೇಟ್ ಆದ ತಾರೀಖು 2024 ಜುಲೈ 1ಕ್ಕಿಂತ ಹಿಂದಿನದಾ ಮುಂದಿನದಾ ವಕೀಲರಿಗೆ ಹೇಳಿ, ಬಿಎನ್‌ಎಸ್ ಜಾರಿಗೆ ಬಂದಿದ್ದೇ ಆ ದಿನ, ಹಿಂದಿನದಾದ್ರೆ ಅದರ ಸೆಕ್ಷನ್ ಹಾಕಿರೋದೇ ತಪ್ಪಾಗಬಹುದು.

ಇನ್ನು ಅಸಲು ವಿಷಯ. 66ಸಿ ಸೆಕ್ಷನ್ ಶುರುವಾಗೋದೇ ಮೋಸದಿಂದ ಅಥವಾ ಅಪ್ರಾಮಾಣಿಕವಾಗಿ ಅನ್ನೋ ಮಾತಿನಿಂದ. ಲಾಗಿನ್ ನಿನ್ನದು ಅಂತ ತೋರಿಸಿದ್ರೆ ಸಾಲದು, ಕೈ ನಿನ್ನದು, ಮನಸ್ಸಲ್ಲಿ ಮೋಸ ಇತ್ತು ಅಂತ ಪೊಲೀಸ್ರು ತೋರಿಸ್ಬೇಕು. ಮೊಬೈಲ್ ಅಂಗಡಿ ಕೌಂಟರ್ ಹೆಂಗಿರುತ್ತೆ ನಿಮಗೂ ಗೊತ್ತು, ನಾನೇ ಹೋದಾಗ ನೋಡಿದ್ದು, ಒಂದೇ ಫೋನು ಒಂದೇ ಬೆರಳಚ್ಚು ಮೆಷಿನ್ನು ಮೂರು ಜನ ಹುಡುಗರು, ಬೆಳಿಗ್ಗೆ ಒಬ್ಬ ಲಾಗಿನ್ ಆದ್ರೆ ಸಂಜೆವರೆಗೂ ಎಲ್ಲರೂ ಅದರಲ್ಲೇ, ಪಾಸ್‌ವರ್ಡು ಗೋಡೆಯ ಕ್ಯಾಲೆಂಡರ್ ಮೇಲೆ ಪೆನ್ನಲ್ಲಿ ಬರೆದಿತ್ತು! ಆಮೇಲೆ ಆ ಮಾತು, "ಬೆರಳು ಸರಿ ಕೂತಿಲ್ಲ ಸಾರ್, ಇನ್ನೊಂದ್ಸಲ ಇಡಿ." ಹೊಲದಲ್ಲಿ ಕೆಲಸ ಮಾಡಿ ಬೆರಳ ಗೆರೆ ಸವೆದಿರೋ ವಯಸ್ಸಾದೋರಿಗೆ ನಿಜವಾಗ್ಲೂ ಎರಡು ಮೂರು ಸಲ ಇಡಬೇಕಾಗುತ್ತೆ, ಆದ್ರೆ ಆ ಎರಡನೇ ಸಲದಲ್ಲೇ ಇನ್ನೊಂದು ಸಿಮ್ ಹುಟ್ಟೋದು. ಅಜ್ಜಿಗೂ ಹಿಂಗೇ ಆಗಿರಬಹುದು.

ಹಾಗಾಗಿ ಹುಡುಕಬೇಕಾದ್ದು ಆ ದಿನ ಆ ಹೊತ್ತಿಗೆ ಹುಡುಗ ಎಲ್ಲಿದ್ದ ಅನ್ನೋದು. ಆ್ಯಪಲ್ಲಿ ಮಾಡೋ ಡಿಜಿಟಲ್ ಕೆವೈಸಿ (ಗ್ರಾಹಕರ ಗುರುತು ಪರಿಶೀಲನೆ) ಆಗಿದ್ರೆ ಗ್ರಾಹಕರ ಲೈವ್ ಫೋಟೋ ತೆಗೀತಾರೆ, ಅದರ ಮೇಲೆ ಅರ್ಜಿ ನಂಬರು, ಅಂಗಡಿ ಕೋಡು, ಜಿಪಿಎಸ್ ಜಾಗ, ದಿನ, ಸಮಯ ಎಲ್ಲಾ ಅಚ್ಚಾಗಿರುತ್ತೆ. ಆ ಫೋಟೋ ಕೇಳಿ. ಸಮಯ ರಾತ್ರಿ 9.40 ಅಂತಿದ್ದು, ಹುಡುಗ 8ಕ್ಕೇ ಬಸ್ ಹತ್ತೋನಾಗಿದ್ರೆ ಅದೇ ಒಂದು ಉತ್ತರ. ಕೆಲಸ ಬಿಟ್ಟ ಮೇಲೂ ಅವನ ಲಾಗಿನ್ ಓಡ್ತಿತ್ತಾ? ಸಂಬಳ ಫೋನ್‌ಪೇಲಿ ಬರ್ತಿತ್ತಾ, ಕೊನೇ ಸಂಬಳ ಯಾವಾಗ? ಓನರ್ ಕಳಿಸಿದ ವಾಯ್ಸ್ ಮೆಸೇಜು, "ಇವತ್ತು ಟಾರ್ಗೆಟ್ ಮುಗ್ಸು" ಅನ್ನೋದು, ಏನಾದ್ರೂ ಇದೆಯಾ? ಎಲ್ಲಾ ತೆಗೆದಿಡಿ. ಫೋನಲ್ಲಿ ಒಂದೇ ಒಂದು ಮೆಸೇಜೂ ಡಿಲೀಟ್ ಮಾಡಿಸ್ಬೇಡಿ, ಹೆದರಿ ಫೋನ್ ರೀಸೆಟ್ ಮಾಡಿ ತಮ್ಮ ಸಾಕ್ಷಿನೇ ಸುಟ್ಕೊಂಡೋರನ್ನ ನೋಡಿದ್ದೀನಿ, ಮೇಲಾಗಿ ಸಾಕ್ಷ್ಯನಾಶ ಅಂತ ಇನ್ನೊಂದು ಕೇಸು.

ಇಲ್ಲೇ ನನಗೆ ಅವಸರ. ಕೇಸು ವರ್ಷಗಟ್ಟಲೆ ನಡೆಯುತ್ತೆ, ಅವನನ್ನ ಉಳಿಸೋ ಸಾಕ್ಷಿ ಅಷ್ಟು ದಿನ ಬದುಕಲ್ಲ. ಅಂಗಡಿ ಸಿಸಿಟಿವಿ ಕೆಲವೇ ವಾರದಲ್ಲಿ ತನ್ನ ಮೇಲೆ ತಾನೇ ಬರ್ಕೊಳ್ಳುತ್ತೆ. ಆಧಾರ್ ಎಲ್ಲೆಲ್ಲಿ ಬಳಕೆ ಆಯ್ತು ಅನ್ನೋ ಹಿಸ್ಟರಿ ಆಧಾರ್ ಕೊಡೋ ಯುಐಡಿಎಐ ಸೈಟಲ್ಲಿ 6 ತಿಂಗಳದ್ದು ಮಾತ್ರ ಕಾಣೋದು, ಹುಡುಗನ ಆಧಾರ್ ಹಿಸ್ಟರಿ ಇವತ್ತೇ ಇಳಿಸಿ. ಕಾಲ್ ರೆಕಾರ್ಡು ಕಂಪನಿಗಳು 2 ವರ್ಷವಾದ್ರೂ ಇಡಬೇಕು, ಅಷ್ಟರಲ್ಲಿ ಟವರ್ ಲೊಕೇಶನ್ ಕೇಳ್ಬೇಕು. ಕಂಪನಿ ನಿಮಗೆ ನೇರವಾಗಿ ಕೊಡಲ್ಲ. ಅದಕ್ಕೇ ತನಿಖಾಧಿಕಾರಿಗೆ "ಈ ಲಾಗ್, ಈ ಫೋಟೋ, ಈ ಸಿಸಿಟಿವಿ ವಶಕ್ಕೆ ತಗೊಳ್ಳಿ" ಅಂತ ಬರವಣಿಗೇಲಿ ಕೇಳಿ, ರಶೀದಿ ಇಟ್ಕೊಳ್ಳಿ, ಅವರು ತಗೊಳ್ಳದಿದ್ರೆ ನಾಳೆ ಕೋರ್ಟಲ್ಲಿ ಆ ರಶೀದಿನೇ ಮಾತಾಡುತ್ತೆ. ಪೊಲೀಸ್ರು ತರೋ ಡಿಜಿಟಲ್ ದಾಖಲೆಗೂ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಸರ್ಟಿಫಿಕೇಟ್ ಬೇಕು, ಹ್ಯಾಷ್ ವ್ಯಾಲ್ಯೂ (ಫೈಲ್ ತಿದ್ದಿಲ್ಲ ಅಂತ ತೋರಿಸೋ ಗುರುತಿನ ಸಂಖ್ಯೆ) ಸಮೇತ, ಬರೀ ಎಕ್ಸೆಲ್ ಶೀಟಿನ ಪ್ರಿಂಟ್ ಔಟ್ ಸಾಲದು.

ಠಾಣೇಲಿ ಏನು ಹೇಳ್ಬೇಕು? ಹೆಸರು, ವಿಳಾಸ, ಕೆಲಸ ಮಾಡಿದ ದಿನಗಳು, ತಂದ ಕಾಗದ. "ನೆನಪಿಲ್ಲ" ಅನ್ನೋದು ನಿಜವಾಗಿದ್ರೆ ನೆನಪಿಲ್ಲ ಅಂತಲೇ, ಊಹೆ ಮಾಡಿ ತುಂಬಿಸೋದು ಬೇಡ. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳು ಅಂತ ಬಲವಂತ ಮಾಡೋ ಹಂಗಿಲ್ಲ, ಸಂವಿಧಾನದ 20(3). ಪೊಲೀಸ್ರು ಬರ್ಕೊಂಡ ಹೇಳಿಕೆಗೆ ಸಹಿ ಹಾಕ್ಬೇಕಿಲ್ಲ, ಖಾಲಿ ಹಾಳೆಗಂತೂ ಯಾವತ್ತೂ ಬೇಡ. ಫೋನ್ ಜಪ್ತಿ ಮಾಡಿದ್ರೆ ವಿಡಿಯೋ ಮಾಡ್ಬೇಕು, ಪಟ್ಟಿ ಕೊಡ್ಬೇಕು, ಅದರಲ್ಲಿ ಫೋನಿನ ಗುರುತಿನ ನಂಬರು, ಐಎಂಇಐ, ಸರಿ ಇದೆಯಾ ನೋಡ್ಕೊಳ್ಳಿ.

ಒಂದು ಮಾತು, ಬೇಜಾರ್ ಮಾಡ್ಕೋಬೇಡಿ. ಹುಡುಗ ಏನೂ ಮಾಡಿಲ್ಲ ಅಂತ ಹೇಳ್ತಿರೋದು ನೀವು. ಅವನು ಏನು ಹೇಳ್ತಾನೆ ಅಂತ ಪತ್ರದಲ್ಲಿ ಒಂದು ಸಾಲೂ ಇಲ್ಲ. ಸಿಮ್ಮಿಗೆ ಇಷ್ಟು ಅಂತ ಕಮಿಷನ್ ಆಸೆಗೋ, ಓನರ್ ಮಾತಿಗೋ ಆ ಎರಡನೇ ಬೆರಳು ಇಡಿಸಿದ್ದು ಅವನೇ ಆಗಿದ್ರೆ? ಅದನ್ನ ನಿಮ್ಮ ಹತ್ರ ಹೇಳದೆ ಇದ್ರೂ ಪರವಾಗಿಲ್ಲ, ವಕೀಲರ ಹತ್ರ ಹೇಳ್ಲೇಬೇಕು, ಅಲ್ಲಿ ಹೇಳಿದ್ದು ಹೊರಗೆ ಬರಲ್ಲ. "ಓನರ್ ಹೇಳಿದ್ರು, ಮಾಡ್ದೆ" ಅನ್ನೋದು ಪೂರ್ತಿ ಬಿಡುಗಡೆ ಕೊಡಲ್ಲ, ಆದ್ರೆ ವಂಚಕರ ಕೂಟಕ್ಕೂ ಇವನಿಗೂ ನಂಟಿಲ್ಲ ಅಂತ ತೋರಿಸಿದ್ರೆ 318(4) ಸಡಿಲ ಆಗಬಹುದು. ರಾಜಿಗೂ ದಾರಿ ಇದೆ, ಐಟಿ ಕಾಯ್ದೆ 77ಎ ಪ್ರಕಾರ ಕೋರ್ಟ್ ಒಪ್ಪಿದ್ರೆ 66ಸಿ ರಾಜಿ ಆಗುತ್ತೆ, ಆದ್ರೆ ಅಪರಾಧ ಮಹಿಳೆ ಅಥವಾ ಮಗುವಿನ ಮೇಲಾಗಿದ್ರೆ ಆ ಸೆಕ್ಷನ್ ಬಿಡಲ್ಲ, ಇಲ್ಲಿ ಅಜ್ಜಿ ಇದ್ದಾರಲ್ಲ, ಅದು ಅಡ್ಡ ಬರುತ್ತೆ. ಮೊದಲ ತಪ್ಪಾದ್ರೆ 1958ರ ಪ್ರೊಬೇಷನ್ ಕಾಯ್ದೆ ಇದೆ, ಒಳ್ಳೇ ನಡತೆಯ ಬಾಂಡ್ ಮೇಲೆ ಬಿಡೋದು. ಕೇಸಲ್ಲಿ ಹುರುಳೇ ಇಲ್ಲ ಅಂತಾದ್ರೆ ಎಫ್‌ಐಆರ್ ರದ್ದಿಗೆ ಆ ರಾಜ್ಯದ ಹೈಕೋರ್ಟಿಗೆ ಬಿಎನ್‌ಎಸ್‌ಎಸ್ 528ರಡಿ ಅರ್ಜಿ, ಚಾರ್ಜ್‌ಶೀಟ್ ಆದ ಮೇಲೆ ವಿಚಾರಣೆಗೆ ಮುಂಚೆಯೇ ಕೇಸಿಂದ ಕೈಬಿಡಿ ಅನ್ನೋ ಡಿಸ್ಚಾರ್ಜ್ ಅರ್ಜಿ, ಇವೆಲ್ಲ ಆಮೇಲಿನ ಮಾತು. ವಕೀಲರ ಫೀಸು ಕಷ್ಟ ಅಂದಿದ್ದೀರ, ಜಿಲ್ಲಾ ಕೋರ್ಟ್ ಆವರಣದಲ್ಲೇ ಕಾನೂನು ಸೇವಾ ಪ್ರಾಧಿಕಾರದ ಆಫೀಸಿದೆ, ಇಲ್ಲಾಂದ್ರೆ 15100ಕ್ಕೆ ಫೋನ್ ಮಾಡಿ.

ನಿಮ್ಮ ಎರಡನೇ ಪ್ರಶ್ನೆ, ಅಜ್ಜಿ. ಹೋಗ್ಬೇಡಿ ಸರ್, ಹಣ್ಣು ತಗೊಂಡೂ ಹೋಗ್ಬೇಡಿ, ಅಕ್ಕನ್ನೂ ಕಳಿಸ್ಬೇಡಿ. ಅವರು ಈ ಕೇಸಲ್ಲಿ ಸಾಕ್ಷಿ, ನೀವು ಬರೀ "ಆರಾಮಾ ಅಜ್ಜಿ" ಅಂದು ಬಂದ್ರೂ ನಾಳೆ ಸಾಕ್ಷಿಗೆ ಹೆದರಿಸಿದ್ರು ಅಂತ ಬರೆಯೋಕೆ ಅಷ್ಟು ಸಾಕು, ಸಿಕ್ಕ ಜಾಮೀನೂ ಹೋಗುತ್ತೆ. ಎದುರಿಗೆ ಸಿಕ್ರೆ ನಮಸ್ಕಾರ ಹಾಕಿ ಮುಂದೆ ಹೋಗಿ. ಮತ್ತೆ ಹುಡುಗನ ಕೈಯಲ್ಲೇ ಒಂದು ಪತ್ರ ಬರೆಸಿ, ನನಗಲ್ಲ, ವಕೀಲರಿಗೆ, ಅಂಗಡಿ ಸೇರಿದ ದಿನದಿಂದ ಬಿಟ್ಟ ದಿನದವರೆಗೆ.